‘ಮನಸ್ಸು ಗಟ್ಟಿ ಮಾಡ್ರಿ’ ಅಂದ್ರ ಬೀಡಿ ಬಿಡೋದಿಲ್ಲ

“ಮನಸ್ಸು ಗಟ್ಟಿ ಮಾಡ್ರಿ, ತಾನೇ ಬಿಟ್ಟು ಹೋಗ್ತದ.”

ಬೀಡಿ, ಸಿಗರೇಟು ಸೇದುವವರಿಗೆ ನಮ್ಮ ಕಡೆ ಎಲ್ಲರೂ ಪುಕ್ಕಟೆ ಕೊಡುವ ಮಾತು ಇದು. ಮನೆಯವರು ಹೇಳುತ್ತಾರೆ. ಮಠದ ಅಪ್ಪೋರು ಹೇಳುತ್ತಾರೆ. ಮೇ 31ರ ತಂಬಾಕು ವಿರೋಧಿ ದಿನ ಬಂದರೆ ವೇದಿಕೆ ಮೇಲೆ ಕುಂತ ಸಾಹೇಬರು ಹೇಳುತ್ತಾರೆ. ಡಾಕ್ಟರರೂ ಇದನ್ನೇ ಹೇಳಿ ಮುಂದಿನ ಪೇಷಂಟ್ ಕರೆಯುತ್ತಾರೆ. ಕಮಲಾಪುರದಲ್ಲಿ ಬಸ್ಸು ನಿಲ್ಲುವ ಕಡೆ ಡಬ್ಬಿ ಅಂಗಡಿ ಇಟ್ಟಿರುವ ಒಬ್ಬರು, ದಿನಾ ಸಿಗರೇಟನ್ನು ಒಂದೊಂದೇ ಬಿಡಿಬಿಡಿಯಾಗಿ ಮಾರುವವರು, ನನಗೆ ಹೇಳಿದ್ದೂ ಇದೇ: “ಬಿಡ್ತೀನಿ ಅಂದವಗ ಯಾರ್ ಹಿಡಿತಾರ್ರೀ? ಮನಸ್ಸು ಬೇಕು, ಅಷ್ಟೇ.”

ಮಾರುವವರೂ ಬಿಡಿಸಬೇಕಾದವರೂ ಒಂದೇ ಮಾತು ಹೇಳುತ್ತಿದ್ದಾರೆ ಅಂದರೆ ಆ ಮಾತಿನ ಮೇಲೆ ನಮಗೆ ಯಾವತ್ತೋ ಅನುಮಾನ ಬರಬೇಕಿತ್ತು.

ಮನಸ್ಸು ಬೇಕು, ಬೇಡ ಅನ್ನುವುದಿಲ್ಲ. ಆದರೆ ಬರೀ ಮನಸ್ಸಿನ ಮೇಲೆ ಬಿಟ್ಟರೆ ಹೆಚ್ಚಿನವರು ಮತ್ತೆ ಅದೇ ಅಂಗಡಿ ಮುಂದೆ ಬಂದು ನಿಲ್ಲುತ್ತಾರೆ. ಇದು ಗೊತ್ತಿದ್ದೂ ‘ಮನಸ್ಸು ಗಟ್ಟಿ ಮಾಡ್ರಿ’ ಅನ್ನುವುದು ಸಲಹೆ ಅಲ್ಲ. ಜವಾಬ್ದಾರಿಯಿಂದ ಕೈ ತೊಳೆದುಕೊಳ್ಳುವುದು.

ನಮ್ಮ ಜನರ ಮನಸ್ಸು ಅಷ್ಟು ಸಡಿಲ ಇದೆಯೇ? ರಂಜಾನ್ ತಿಂಗಳಲ್ಲಿ ಕಲಬುರಗಿಯ ಮುಸ್ಲಿಂ ಚೌಕ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಏಪ್ರಿಲ್ ಬಿಸಿಲಲ್ಲಿ ರೋಜಾ ಬಂದ ವರ್ಷಗಳಲ್ಲೂ, ದಿನಕ್ಕೆ ಒಂದು ಪ್ಯಾಕ್ ಸೇದುವವರು ಹದಿಮೂರು-ಹದಿನಾಲ್ಕು ತಾಸು ಸಿಗರೇಟು ಬಿಡಿ, ಗುಟುಕು ನೀರೂ ಮುಟ್ಟದೆ ಹಮಾಲಿ ಮಾಡಿದ್ದಾರೆ, ಆಟೋ ಓಡಿಸಿದ್ದಾರೆ. ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಶ್ರಾವಣ ಬಂದರೆ ಬೀಡಿ ಕಟ್ಟು ಅಟ್ಟಕ್ಕೆ ಹೋಗುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಹುಡುಗರು ನಲವತ್ತೊಂದು ದಿನ ಒಂದು ದಮ್ಮೂ ಎಳೆಯುವುದಿಲ್ಲ. ಇದಕ್ಕಿಂತ ಗಟ್ಟಿ ಮನಸ್ಸು ಎಲ್ಲಿಂದ ತರೋಣ?

ಆಮೇಲೆ ಏನಾಗುತ್ತದೆ ಅನ್ನುವುದೂ ನಿಮಗೆ ಗೊತ್ತು. ರೋಜಾ ಬಿಡುತ್ತಿದ್ದ ಹಾಗೆ ಖರ್ಜೂರ ಬಾಯಿಗೆ, ನಮಾಜ್ ಮುಗಿಸಿ ಕೆಲವರು ನೇರ ಪಾನ್ ಶಾಪಿಗೆ. ಶ್ರಾವಣ ಮುಗಿದ ಮರುದಿನ ಅಟ್ಟದ ಮೇಲಿನ ಕಟ್ಟು ಕೆಳಗೆ. ಮಾಲೆ ಇಳಿಸಿ ಊರಿಗೆ ವಾಪಸ್ ಬರುವ ದಾರಿಯಲ್ಲೇ, ಚಾ ಕುಡಿಯಲು ಗಾಡಿ ನಿಲ್ಲಿಸಿದಾಗ, ಮೊದಲ ಸಿಗರೇಟು.

ಗಡುವು ಇರುವ ವ್ರತಕ್ಕೆ ಮನಸ್ಸು ಸಾಕು, ಕಾಯಂ ಬಿಡುವುದಕ್ಕೆ ಸಾಲುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ವ್ರತದಲ್ಲಿ ಕೊನೆಯ ದಿನ ಗೊತ್ತಿರುತ್ತದೆ, ದಿನ ಎಣಿಸುತ್ತಾ ಕೂರಬಹುದು. ಮನೆಯವರು, ಗುರುಸ್ವಾಮಿ, ಜೊತೆಗಾರರು ಎಲ್ಲರೂ ಕಾವಲು ಇರುತ್ತಾರೆ. ಊಟ ಬೇರೆ, ಮಲಗುವ ಜಾಗ ಬೇರೆ, ಬಟ್ಟೆಯೇ ಬೇರೆ. ಮಾಲೆ ಇಳಿದ ಮೇಲೆ ಅದೇ ಕಟ್ಟೆ, ಅದೇ ಗೆಳೆಯರು, ಅದೇ ಚಾ. ರಂಜಾನ್ ಲೆಕ್ಕ ಇನ್ನೂ ಬೇರೆ. ದಿನವಿಡೀ ಉಪವಾಸ ಇದ್ದರೂ ರಾತ್ರಿ ನಾಲ್ಕು ಸೇದಿದರೆ ನಿಕೋಟಿನ್ ಮಿದುಳಿಗೆ ಹೋಗುತ್ತಲೇ ಇರುತ್ತದೆ, ಚಟ ಹಾಗೇ ಉಳಿಯುತ್ತದೆ.

ಈ ನಿಕೋಟಿನ್ ಏನು ಮಾಡುತ್ತದೆ ಅಂತ ಯಾವ ಭಾಷಣದಲ್ಲೂ ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಕ್ಯಾನ್ಸರ್ ಆದ ಬಾಯಿಯ ಫೋಟೋ ತೋರಿಸಿ ಇಳಿದುಬಿಡುತ್ತಾರೆ. ಒಂದು ದಮ್ಮು ಎಳೆದರೆ ಹತ್ತು-ಹದಿನೈದು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ, ಅಲ್ಲಿ ಹಿತ ಅನ್ನಿಸುವ ರಾಸಾಯನಿಕ ಬಿಡುಗಡೆಯಾಗುತ್ತದೆ. ದಿನಕ್ಕೆ ಇಪ್ಪತ್ತು ಬೀಡಿ, ಒಂದಕ್ಕೆ ಹತ್ತು ದಮ್ಮು ಅಂತ ಹಿಡಿಯಿರಿ. ದಿನಕ್ಕೆ 200 ಸಲ, ವರ್ಷಕ್ಕೆ 73,000 ಸಲ ಮಿದುಳಿಗೆ ಅದೇ ಪಾಠ. ಹದಿನೆಂಟಕ್ಕೆ ಶುರು ಮಾಡಿ ನಲವತ್ತೈದಕ್ಕೆ ಬಂದವರ ಲೆಕ್ಕ ನೀವೇ ಹಾಕಿಕೊಳ್ಳಿ. ಮಿದುಳು ಆ ನಿಕೋಟಿನ್‌ಗೆ ತಕ್ಕಂತೆ ತನ್ನನ್ನೇ ಬದಲಿಸಿಕೊಂಡಿರುತ್ತದೆ. ಕೊನೆಯ ಬೀಡಿ ಸೇದಿ ಎರಡು ತಾಸಿಗೆ ರಕ್ತದಲ್ಲಿ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ, ಮಿದುಳು ಕೇಳಲು ಶುರು ಮಾಡುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಮೊದಲ ಮೂರು ದಿನ ಬಲು ಕಷ್ಟ. ಸಿಟ್ಟು, ನಿದ್ದೆ ಇಲ್ಲ, ಒಂದು ಕಡೆ ಕೂರಲು ಆಗುವುದಿಲ್ಲ, ಮಾಡುವ ಕೆಲಸದಲ್ಲಿ ಲಕ್ಷ್ಯ ಇಲ್ಲ. ಇದು ಇಳಿಯಲು ಎರಡರಿಂದ ನಾಲ್ಕು ವಾರ ಬೇಕು.

ತೊಗರಿ ಲೋಡ್ ಹೊಡೆಯುವ ಲಾರಿ ಡ್ರೈವರ್ ಕಾಕಾ ಒಬ್ಬರು ತಮ್ಮ ಮೂರು ದಿನದ ಕಥೆಯನ್ನು ಹೀಗೆ ಹೇಳಿದರು: “ಎರಡ್ ದಿನ ಸುಮ್ಮ ಇದ್ದೆ ನೋಡ್ ತಮ್ಮಾ. ಮೂರನೇ ದಿನ ಮೊಮ್ಮಗಳು ನೀರಿನ ತಂಬಿಗಿ ಕೆಡವಿತು ಅಂತ ಹೆಂಗ್ ಒದರಿದೆ ಅಂದ್ರ, ಕೂಸು ಹೆದರಿ ಅಳ್ಳಾಕತ್ತಿತು. ನನ್ ಸೊಸಿನೇ ಬಂದು, ಮಾಮಾ, ಒಂದ್ ಬೀಡಿ ಸೇದ್ರಿ, ಮನ್ಯಾಗ್ ಸಮಾಧಾನ ಇರ್ಲಿ ಅಂದಳು.”

ಆ ಕಾಕಾನಿಗೆ ಮನಸ್ಸಿರಲಿಲ್ಲ ಅಂತ ಯಾರು ಹೇಳುತ್ತೀರಿ? ಅವರಿಗೆ ಗೊತ್ತಿರದೇ ಇದ್ದದ್ದು ಒಂದೇ. ಆ ಸಿಟ್ಟು ತಮ್ಮ ಸ್ವಭಾವ ಅಲ್ಲ, ನಿಕೋಟಿನ್ ಇಳಿಯುವ ಲಕ್ಷಣ, ಅದಕ್ಕೆ ಔಷಧ ಇದೆ ಅನ್ನುವುದು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಎದುರು ವಾದಕ್ಕೆ ಬರೋಣ. ಪ್ರತಿ ಊರಲ್ಲೂ ಒಬ್ಬ ಮುತ್ಯಾ ಇರುತ್ತಾರೆ, ನಲವತ್ತು ವರ್ಷ ಸೇದಿ ಒಂದು ದಿನ ಕಟ್ಟು ಬಾವಿಗೆ ಎಸೆದು ಮತ್ತೆ ಮುಟ್ಟಿಲ್ಲ. “ಅವರೇನು ಗೋಲಿ ನುಂಗಿದ್ರೇನು?” ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಗತ್ತಿನಲ್ಲಿ ಇದುವರೆಗೆ ಸಿಗರೇಟು ಬಿಟ್ಟವರಲ್ಲಿ ಹೆಚ್ಚಿನವರು ಯಾವ ಔಷಧವೂ ಇಲ್ಲದೆಯೇ ಬಿಟ್ಟಿದ್ದಾರೆ. ಅದು ಸತ್ಯ, ಮುಚ್ಚಿಡುವುದಿಲ್ಲ. ಆದರೆ ಬಿಟ್ಟವರನ್ನಷ್ಟೇ ಎಣಿಸಿ, ಬಿಡಲು ಹೋಗಿ ಸೋತವರನ್ನು ಎಣಿಸದೆ ಇದ್ದರೆ ಆ ಲೆಕ್ಕ ಪೂರ್ತಿ ಆಗುವುದಿಲ್ಲ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದ ನಂತರವೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಜನ ಅಂತ ಅಧ್ಯಯನಗಳು ಹೇಳುತ್ತವೆ. ಮುತ್ಯಾ ಆ ಐದರಲ್ಲಿ ಒಬ್ಬರು. ಉಳಿದ ತೊಂಬತ್ತೈದು ಜನ ಎಲ್ಲಿದ್ದಾರೆ? ಅದೇ ಕಟ್ಟೆಯ ಮೇಲೆ, ನಮ್ಮ ಜೊತೆಗೇ ಕುಂತಿದ್ದಾರೆ. ಸೋತವರು ತಮ್ಮ ಕಥೆ ಹೇಳಿಕೊಂಡು ತಿರುಗುವುದಿಲ್ಲ.

ಬರದ ವರ್ಷದಲ್ಲೂ ಒಬ್ಬರ ಹೊಲದಲ್ಲಿ ತೊಗರಿ ಬಂತು. ಹಾಗಂತ ಉಳಿದ ರೈತರಿಗೆ ಬೆಳೆ ವಿಮೆ ಬೇಡ, ಮನಸ್ಸು ಗಟ್ಟಿ ಮಾಡಿ ಬಿತ್ತಿರಿ ಅಂತ ಯಾವನಾದರೂ ಕಲಬುರಗಿಯಲ್ಲಿ ಭಾಷಣ ಮಾಡಿದರೆ ಮೈಕ್ ಕಸಿದುಕೊಳ್ಳುತ್ತೇವೆ. ಬೀಡಿ ವಿಷಯಕ್ಕೆ ಮಾತ್ರ ಚಪ್ಪಾಳೆ ತಟ್ಟುತ್ತೇವೆ.

ಇನ್ನು ಕೆಲವರು ಇಳಕಲ್ಲಿನ ಮಹಾಂತ ಜೋಳಿಗೆಯ ಮಾತು ತೆಗೆಯುತ್ತಾರೆ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ಸುತ್ತಿ, ‘ನಿಮ್ಮ ದುಶ್ಚಟ ಈ ಜೋಳಿಗೆಗೆ ಹಾಕಿ’ ಅಂತ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಜೋಳಿಗೆ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಅದಕ್ಕೇ ಅದನ್ನು ‘ಮನಸ್ಸೊಂದಿದ್ದರೆ ಸಾಕು’ ಅನ್ನುವವರ ಕೈಗೆ ಬಿಟ್ಟುಕೊಡಲಾರೆ. ಅಪ್ಪಗಳು ಮಠದಲ್ಲಿ ಕುಂತು ‘ಬಿಡ್ರಿ’ ಅನ್ನಲಿಲ್ಲ. ಬಿಡುವವರ ಓಣಿಗೆ, ಮನೆ ಬಾಗಿಲಿಗೆ ತಾವೇ ನಡೆದು ಬಂದರು. ನಾಲ್ಕು ಜನರ ಎದುರು ಕೊಟ್ಟ ಮಾತಿಗೆ ಆ ನಾಲ್ಕು ಜನರೂ ಕಾವಲಾಗುತ್ತಾರೆ. ಅದು ಸಹಾಯವೇ. ಇವತ್ತಿನ ಆಸ್ಪತ್ರೆಗಳಲ್ಲಿ ಕೌನ್ಸೆಲಿಂಗ್ ಅನ್ನುತ್ತಾರಲ್ಲ, ಅದರ ಅರ್ಧ ಕೆಲಸ ಅದು.

ಉಳಿದ ಅರ್ಧ ಕೆಲಸ ಆಸ್ಪತ್ರೆಯದು. ಅಲ್ಲಿ ಏನಾಗುತ್ತಿದೆ?

ನಮ್ಮ ಸಂಬಂಧಿಕರೊಬ್ಬರ ಒಪಿಡಿ ಚೀಟಿ ನನ್ನ ಹತ್ತಿರ ಇದೆ. ಯಾವ ಆಸ್ಪತ್ರೆ ಅನ್ನುವುದು ಇಲ್ಲಿ ಬೇಡ. ಕೆಮ್ಮು, ದಮ್ಮು ಅಂತ ಹೋಗಿದ್ದರು. ಚೀಟಿಯಲ್ಲಿ ನಾಲ್ಕು ಔಷಧ. ಪ್ರತಿಯೊಂದರ ಮುಂದೆ ಬೆಳಗ್ಗೆ ಎಷ್ಟು, ರಾತ್ರಿ ಎಷ್ಟು, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ ಅಂತ ಬರೆದಿದೆ. ಕಡೆಯ ಸಾಲಿನಲ್ಲಿ ‘ಸ್ಟಾಪ್ ಸ್ಮೋಕಿಂಗ್’. ಅಷ್ಟೇ. ಹೇಗೆ, ಯಾವತ್ತಿನಿಂದ, ಏನು ತಗೊಂಡು, ಮತ್ತೆ ಯಾವಾಗ ಬಂದು ತೋರಿಸಬೇಕು, ಏನೂ ಇಲ್ಲ. ಕೆಮ್ಮಿನ ಔಷಧಕ್ಕೆ ಡೋಸ್ ಇದೆ, ಕೆಮ್ಮಿನ ಕಾರಣಕ್ಕೆ ಡೋಸ್ ಇಲ್ಲ.

ಆ ಡೋಸ್ ಯಾವುದು ಅಂತ ಹೇಳುತ್ತೇನೆ. ನಿಕೋಟಿನ್ ಗಮ್ ಇದೆ. 2 ಮಿಲಿಗ್ರಾಂನದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ, 4 ಮಿಲಿಗ್ರಾಂನದಕ್ಕೆ ಡಾಕ್ಟರ್ ಚೀಟಿ ಬೇಕು. ಹೊಗೆ ಇಲ್ಲದೆ, ಟಾರ್ ಇಲ್ಲದೆ, ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು ಮಿದುಳಿನ ಕೂಗನ್ನು ನಿಧಾನಕ್ಕೆ ಇಳಿಸುವ ಉಪಾಯ ಅದು. ಸಾಮಾನ್ಯವಾಗಿ ಎರಡು-ಮೂರು ತಿಂಗಳ ಕೋರ್ಸ್. ಡಾಕ್ಟರರು ಬರೆದುಕೊಡುವ ವೆರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳೂ ಇವೆ. ಗಮ್, ಪಟ್ಟಿಯಂಥವು ಬಿಡುವ ಸಾಧ್ಯತೆಯನ್ನು ಒಂದೂವರೆ ಪಟ್ಟು ಮಾಡುತ್ತವೆ, ವೆರೆನಿಕ್ಲಿನ್ ಎರಡು ಪಟ್ಟಿಗೂ ಮೇಲೆ. ಕೌನ್ಸೆಲಿಂಗ್ ಸೇರಿದರೆ ಇನ್ನೂ ಹೆಚ್ಚು. ಇಷ್ಟಾದರೂ ಮೊದಲ ಸಲಕ್ಕೇ ಎಲ್ಲರೂ ಗೆಲ್ಲುವುದಿಲ್ಲ. ಬಹಳ ಜನ ಎರಡು, ನಾಲ್ಕು, ಹತ್ತು ಸಲ ಪ್ರಯತ್ನ ಮಾಡಿಯೇ ಗೆದ್ದವರು. ಹಾಗಿರುವಾಗ ಪ್ರತಿ ಸೋಲಿಗೂ ‘ನಿನ್ನ ಮನಸ್ಸು ಸಡಿಲ’ ಅಂತ ಹಂಗಿಸಿದರೆ ಐದನೇ ಸಲ ಯಾರು ಪ್ರಯತ್ನ ಮಾಡುತ್ತಾರೆ?

ನಿಕೋಟಿನ್ ಗಮ್ ಯಾವುದೋ ಶ್ರೀಮಂತರ ಷೋಕಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ 2022ರಲ್ಲಿ ಸೇರಿದೆ. ಆದರೆ ಅಂಗಡಿಯಲ್ಲಿ ಒಂದು ಗಮ್ ಪಟ್ಟಿಯ ದುಡ್ಡಿಗೆ ಹಲವು ಕಟ್ಟು ಬೀಡಿ ಬರುತ್ತವೆ. ದಿನಗೂಲಿ ಮಾಡುವವರು ಯಾವುದನ್ನು ಕೊಳ್ಳುತ್ತಾರೆ? ಇದರ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿ ಮೇಲಿನ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡು ಅನ್ನುತ್ತಾರೆ. ಹಾಗಾದರೆ ಅವರ ಕೂಲಿ ಹೆಚ್ಚಿಸಬೇಕಿತ್ತು. ಬೀಡಿ ಸೋವಿ ಆದರೆ ಅವರ ಗಂಡಂದಿರು ಇನ್ನೆರಡು ಹೆಚ್ಚು ಸೇದುತ್ತಾರೆ, ಅಷ್ಟೇ.

ಬೀಡಿಗೆ ಅಷ್ಟು ಅಪಾಯ ಇಲ್ಲ, ಅದು ಎಲೆ ಅನ್ನುವವರಿಗೂ ಒಂದು ಮಾತು. 2008ರಲ್ಲಿ ಪ್ರಕಟವಾದ ಭಾರತದ ದೊಡ್ಡ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರ ಆಯುಸ್ಸು ಸುಮಾರು ಆರು ವರ್ಷ, ಸಿಗರೇಟು ಸೇದುವವರದು ಸುಮಾರು ಹತ್ತು ವರ್ಷ ಕಡಿಮೆಯಾಗುತ್ತದೆ. ಬ್ರಿಟನ್ನಿನ ಡಾಕ್ಟರರನ್ನೇ ಐವತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ನಲವತ್ತನೇ ವಯಸ್ಸಿಗೆ ಸಿಗರೇಟು ಬಿಟ್ಟವರು ಕಳೆದುಕೊಳ್ಳಬೇಕಿದ್ದ ಆಯುಸ್ಸಿನಲ್ಲಿ ಒಂಬತ್ತು ವರ್ಷ ವಾಪಸ್ ಪಡೆದರು. ಅರವತ್ತಕ್ಕೆ ಬಿಟ್ಟವರಿಗೂ ಮೂರು ವರ್ಷ ಸಿಕ್ಕಿತು. ‘ಈ ವಯಸ್ಸಿನ್ಯಾಗ ಬಿಟ್ಟು ಏನ್ ಮಾಡೋದದ’ ಅನ್ನುವ ಹಿರಿಯರು ಆ ಮೂರು ವರ್ಷದಲ್ಲಿ ಎಷ್ಟು ಜಾತ್ರೆ ಬರುತ್ತವೆ ಅಂತ ಎಣಿಸಲಿ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸುವ ಸಂಗತಿ. ಕೇಂದ್ರ ಸರ್ಕಾರ 2007-08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದಾಗ ಇಡೀ ದೇಶದಲ್ಲಿ ಮೊದಲು ಆರಿಸಿದ್ದು ಒಂಬತ್ತು ರಾಜ್ಯಗಳ 18 ಜಿಲ್ಲೆಗಳನ್ನು. ಕರ್ನಾಟಕದಿಂದ ಎರಡೇ. ಒಂದು ಬೆಂಗಳೂರು. ಇನ್ನೊಂದು ನಮ್ಮದು, ಆಗಿನ ಗುಲಬರ್ಗಾ. ಹೌದು, ಎಲ್ಲದರಲ್ಲೂ ಕೊನೆ ಅನ್ನಿಸಿಕೊಳ್ಳುವ ನಮ್ಮ ಜಿಲ್ಲೆ ಇದೊಂದರಲ್ಲಿ ದೇಶಕ್ಕೇ ಮೊದಲ ಸಾಲಿನಲ್ಲಿತ್ತು. ತಂಬಾಕು ಬಿಡಿಸುವ ಕೇಂದ್ರ ನಡೆಸುವುದು, ಆರೋಗ್ಯ ಕಾರ್ಯಕರ್ತರಿಗೆ, ಮಾಸ್ತರರಿಗೆ ತರಬೇತಿ ಕೊಡುವುದು ಆ ಕಾರ್ಯಕ್ರಮದ ಪಟ್ಟಿಯಲ್ಲೇ ಇರುವ ಕೆಲಸ. ಆಗ ಹುಟ್ಟಿದ ಮಕ್ಕಳು ಈಗ ಮತದಾರರಾಗಿದ್ದಾರೆ. ಕಲಬುರಗಿಯಿಂದ ಬಸ್ಸಿನಲ್ಲಿ ತಾಸು ದಾರಿ ಇರುವ, ಈಗ ತಾಲ್ಲೂಕು ಕೇಂದ್ರವೇ ಆಗಿರುವ ಕಮಲಾಪುರದಲ್ಲಿ ನಾನು ಮಾತಾಡಿಸಿದ ಸೇದುವವರಲ್ಲಿ ಒಬ್ಬರಿಗೂ ‘ಬಿಡಿಸುವ ಕೇಂದ್ರ’ ಅನ್ನುವುದೊಂದು ಇರುತ್ತದೆ ಅಂತಲೇ ಗೊತ್ತಿರಲಿಲ್ಲ. ಕೆಂಪು ಬಾಳೆಹಣ್ಣಿನ ಬುಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಹತ್ತು ಕೈ ತೋರಿಸುತ್ತವೆ, ಬೀಡಿ ಎಲ್ಲಿ ಬಿಡಿಸುತ್ತಾರೆ ಅಂದರೆ ನಗುತ್ತಾರೆ.

ಜನರಿಗೆ ಬೇಡವಾಗಿದೆ ಅನ್ನುವಂತಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೇದುವವರ ಪೈಕಿ ಶೇ 55ರಷ್ಟು ಜನ ಬಿಡುವ ಯೋಚನೆಯಲ್ಲಿದ್ದೇವೆ ಅಂದಿದ್ದರು. ಹಿಂದಿನ ಹನ್ನೆರಡು ತಿಂಗಳಲ್ಲಿ ಶೇ 38ರಷ್ಟು ಜನ ಪ್ರಯತ್ನವನ್ನೂ ಮಾಡಿದ್ದರು. ಮನಸ್ಸು ಅನ್ನುವುದು ಇದಲ್ಲದೆ ಇನ್ನೇನು? ಅದೇ ಸಮೀಕ್ಷೆಯಲ್ಲಿ, ಆಸ್ಪತ್ರೆಗೆ ಹೋದ ಸೇದುವವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಜನರಿಗಷ್ಟೇ ಅಲ್ಲಿನವರು ‘ಬಿಡಿ’ ಅಂತ ಹೇಳಿದ್ದರು. ಜನ ತಮ್ಮ ಪಾಲಿನದು ಮಾಡಿದ್ದಾರೆ.

ಕಾನೂನಿನ ಕಥೆ ಬೇಗ ಹೇಳಿಬಿಡುತ್ತೇನೆ. 2025ರ ಮೇ ಕೊನೆಗೆ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯಂತೆ 21 ವರ್ಷದ ಒಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆ-ಕಾಲೇಜಿನ ನೂರು ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿಯಾಗಿ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಈ ಕಾಯ್ದೆಯ ಎಲ್ಲಾ ಮಾತಿನಲ್ಲೂ ಬಿಡಿ ಮಾರಾಟದ್ದೇ ಮುಖ್ಯ. ಯಾಕೆ ಅಂದರೆ, ತಂಬಾಕು ಬಿಡುವವರಿಗೆ ಸರ್ಕಾರವೇ ಇಟ್ಟಿರುವ ಪುಕ್ಕಟೆ ಫೋನ್ ನಂಬರು 2018ರಿಂದ ಸಿಗರೇಟು ಪ್ಯಾಕಿನ ಮೇಲೆಯೇ ಮುದ್ರಣವಾಗಿ ಬರುತ್ತಿದೆ. ಆದರೆ ನಮ್ಮ ಕಡೆ ಪ್ಯಾಕ್ ಕೊಳ್ಳುವವರು ಎಷ್ಟು ಜನ? ಅಂಗಡಿಯವರು ಪ್ಯಾಕ್ ಒಡೆದು ಡಬ್ಬಿಗೆ ಸುರಿದು, ಒಂದು ತೆಗೆದು ಕೈಗಿಡುತ್ತಾರೆ. ನಂಬರು ಇರುವ ಕಾಗದ ಕಸದ ಪಾಲು. ಬೀಡಿ ಕಟ್ಟಿನ ಮೇಲೂ ಇರುತ್ತದೆ, ಆದರೆ ಓದಲು ಕನ್ನಡಕ ಬೇಕು.

ನಡುವೆ ಇನ್ನೊಂದು ಮೋಸವೂ ನಡೆಯುತ್ತಿರುತ್ತದೆ, ಇದು ನಮಗೆ ನಾವೇ ಮಾಡಿಕೊಳ್ಳುವುದು. “ಬೀಡಿ ಬಿಟ್ಟು ಆರ್ ತಿಂಗಳಾತ್ರಿ” ಅಂತ ಹೆಮ್ಮೆಯಿಂದ ಹೇಳುವವರ ಅಂಗೈಯಲ್ಲಿ ತಂಬಾಕು-ಸುಣ್ಣ ತಿಕ್ಕಾಟ ನಡೆದಿರುತ್ತದೆ. ನಿಕೋಟಿನ್ ಅದೇ. ಮೊದಲು ಶ್ವಾಸಕೋಶಕ್ಕೆ ಹೋಗುತ್ತಿದ್ದದ್ದು ಈಗ ದವಡೆಗೆ ಬಂದಿದೆ. ರಾಜ್ಯದಲ್ಲಿ ಸೇದುವವರಿಗಿಂತ ಹೊಗೆ ಇಲ್ಲದ ತಂಬಾಕು ತಿನ್ನುವವರೇ ಹೆಚ್ಚು. 2013ರಲ್ಲಿ ಗುಟ್ಕಾ ನಿಷೇಧ ಆಯಿತು, ಮರುದಿನದಿಂದಲೇ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ.

ಹಾಗಾದರೆ ಏನು ಕೇಳಬೇಕು? ದೊಡ್ಡದೇನಲ್ಲ. ಗಮ್ ಅಗತ್ಯ ಔಷಧ ಅಂತ ಪಟ್ಟಿಯಲ್ಲಿದೆ ತಾನೆ, ಕಮಲಾಪುರದ ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಬಿಪಿ ಗುಳಿಗೆಯ ಪಕ್ಕದಲ್ಲಿ ಅದೂ ಪುಕ್ಕಟೆ ಇರಲಿ. ಬಿಪಿ, ಸಕ್ಕರೆ ಕೇಳುವ ಆಶಾ ಅಕ್ಕ ‘ಬೀಡಿ ಸೇದ್ತೀರೇನ್ರಿ, ಬಿಡೋ ಮನಸ್ಸದ ಏನ್ರಿ’ ಅಂತಲೂ ಕೇಳಲಿ, ಹೂಂ ಅಂದವರ ಹೆಸರು ಬರೆದುಕೊಂಡು ಮುಂದಿನ ವಾರ ಮತ್ತೆ ಬರಲಿ. ತಾಲ್ಲೂಕು ಕೆಡಿಪಿ ಸಭೆಯಲ್ಲಿ ಎಷ್ಟು ದಂಡ ವಸೂಲಾಯಿತು ಅನ್ನುವ ಜೊತೆಗೆ ಎಷ್ಟು ಜನರಿಗೆ ಗಮ್ ಕೊಟ್ಟಿರಿ, ಆರು ತಿಂಗಳಾದ ಮೇಲೆ ಅವರಲ್ಲಿ ಎಷ್ಟು ಜನ ಬಿಟ್ಟೇ ಇದ್ದಾರೆ ಅಂತ ಶಾಸಕರು ಕೇಳಲಿ. ಗ್ರಾಮಸಭೆಯಲ್ಲಿ ನೀವೂ ಕೇಳಬಹುದು, ಅದಕ್ಕೆ ಯಾರ ಪರವಾನಗಿಯೂ ಬೇಡ.

ಅವರು ಉತ್ತರ ಕೊಡುವವರೆಗೆ ಕಾಯಲಾಗದವರಿಗೆ ಒಂದಿಷ್ಟು ಹೇಳುತ್ತೇನೆ. ಎದ್ದು ಅರ್ಧ ತಾಸಿನೊಳಗೆ ಮೊದಲ ಬೀಡಿ ಹಚ್ಚುವವರಾದರೆ ನಿಮ್ಮ ಚಟ ಗಟ್ಟಿ ಇದೆ ಅಂತ ತಿಳಿಯಿರಿ, ಡಾಕ್ಟರರನ್ನು ಕಂಡೇ ಶುರು ಮಾಡಿ. ಹೃದಯದ ತೊಂದರೆ ಇದ್ದವರು, ಬಸುರಿಯರು ಕೇಳದೆ ಗಮ್ ಹಾಕಬೇಡಿ. ಗಮ್ಮನ್ನು ಗುಟ್ಕಾದಂತೆ ಜಗಿದರೆ ಬಿಕ್ಕಳಿಕೆ, ಗಂಟಲುರಿ ಬರುತ್ತದೆ, ಆಮೇಲೆ ‘ಇದು ನಡೆಯಂಗಿಲ್ಲ’ ಅಂತ ಎಸೆಯುತ್ತೀರಿ. ನಿಧಾನಕ್ಕೆ ನಾಲ್ಕು ಸಲ ಜಗಿಯಿರಿ, ಖಾರ ಖಾರ ಅನ್ನಿಸಿದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿ ಸುಮ್ಮನಿರಿ, ಖಾರ ಇಳಿದ ಮೇಲೆ ಮತ್ತೆ ಜಗಿಯಿರಿ. ಗಮ್ ಹಾಕುವ ಕಾಲು ತಾಸು ಮೊದಲು, ಬಾಯಲ್ಲಿರುವಾಗ, ಚಾ ಕುಡಿಯಬೇಡಿ. ಸೇದಬೇಕು ಅನ್ನುವ ತುಡಿತ ಐದು-ಹತ್ತು ನಿಮಿಷಕ್ಕೆ ತಾನೇ ಇಳಿಯುತ್ತದೆ, ಆ ಹೊತ್ತಿಗೆ ಕಟ್ಟೆಯಿಂದ ಎದ್ದು ಹೋಗಿ. ಮನೆಯಲ್ಲಿ ಮೊದಲೇ ಹೇಳಿಡಿ, ‘ಒಂದೆರಡು ವಾರ ಸಿಟ್ಟು ಬರ್ತದ, ಮನಸಿಗೆ ಹಚ್ಕೋಬ್ಯಾಡ್ರಿ’ ಅಂತ.

ಫೋನ್ ನಂಬರು 1800-11-2356. ದುಡ್ಡು ಬೀಳುವುದಿಲ್ಲ. ಬಿಡುವ ದಿನ ಗೊತ್ತು ಮಾಡುತ್ತಾರೆ, ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ. ಆ ಕಡೆಯಿಂದ ಹಿಂದಿಯಲ್ಲಿ ಮಾತು ಶುರುವಾದರೆ ಗಾಬರಿಯಾಗಿ ಇಟ್ಟುಬಿಡಬೇಡಿ, ಕನ್ನಡದಾಗ ಮಾತಾಡ್ರಿ ಅನ್ನಿ.